ಅಣ್ಣನ ಶುದ್ಧ ಸಾರ, ಅತ್ತಿಗೆಯ ಹುಳು

ನಮ್ಮಣ್ಣ ಬಿಎಸ್ಸಿ ಕೊನೆಯ ವರ್ಷದ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಫೇಲಾದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವನಾಗಿ ಯಾರಿಗೂ ಹೇಳುವುದಿಲ್ಲ. ಕೇಳಿದವರಿಗೆ "ಬಿಎಸ್ಸಿ ಮಾಡಿದೀನಿ" ಎನ್ನುತ್ತಾನೆ. ಕೋಲಾರಕ್ಕೆ ಬಸ್ಸಿನಲ್ಲಿ ಹೋಗಿಬಂದು ಮಾಡಿದ್ದೇನೋ ನಿಜ, ಮುಗಿಸಿರಲಿಲ್ಲ ಅಷ್ಟೆ. ಆ ಪ್ರಾಕ್ಟಿಕಲ್ ದಿನ ಕೊಟ್ಟ ಲವಣ ಯಾವುದೆಂದು ಕಂಡುಹಿಡಿಯಲಾಗದೆ, ಕೊನೆಗೆ ಪಕ್ಕದ ಹುಡುಗಿಯ ಹಾಳೆ ನೋಡಿ ಬರೆದನಂತೆ. ಅವಳಿಗೆ ಕೊಟ್ಟ ಲವಣವೇ ಬೇರೆ.

ನನ್ನನ್ನು ಮದುವೆ ಮಾಡಿಕೊಟ್ಟದ್ದು ನಮ್ಮೂರು ಸುಗಟೂರಿನಲ್ಲೇ. ಅಣ್ಣನ ಮನೆಯ ಹಿತ್ತಲಿಗೂ ನಮ್ಮ ಹಿತ್ತಲಿಗೂ ನಡುವೆ ಒಂದು ಮೋಟುಗೋಡೆ. ಹಾಗಾಗಿ ಅವನ ವಿಜ್ಞಾನ ಎಷ್ಟು ಬೆಳೆಯಿತೋ ಅಷ್ಟನ್ನೂ ಕಣ್ಣಾರೆ ನೋಡುವ, ಮೂಗಾರೆ ಮೂಸುವ ಭಾಗ್ಯ ನನ್ನದಾಯಿತು.

ಶುರುವಾದದ್ದು ಚಾಪುಡಿಯಿಂದ. ಫೋನಿನಲ್ಲಿ ಯಾರೋ ಬಿಳಿಯ ಕೋಟು ಹಾಕಿಕೊಂಡವನು ಚಾಪುಡಿಯಿಂದ ಹತ್ತಿಯಂಥ ಬಿಳಿ ಪುಡಿ ತೆಗೆದದ್ದನ್ನು ನೋಡಿದ. ಮಾರನೆಯ ದಿನ ಅತ್ತಿಗೆಯ ಡಬ್ಬಿ ಖಾಲಿ. ಗಿಡಗಳೊಳಗೆ ಆಲ್ಕಲಾಯ್ಡ್ ಅಂತ ಒಂದು ಇರುತ್ತದೆ, ಅದೇ ಗಿಡದ ಶಕ್ತಿ, ಮಿಕ್ಕಿದ್ದೆಲ್ಲ ಬರೀ ಹುಲ್ಲು ಅಂತ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಮಾಡಿದ. ಕುದಿಸಿದ, ಸೋಸಿದ, ಬಿಸಿಲಿಗಿಟ್ಟ. ಸಂಜೆಗೆ ಸ್ಟೀಲ್ ತಟ್ಟೆಯ ತಳದಲ್ಲಿ ಕಪ್ಪಗೆ ಅಂಟಂಟಾಗಿ ಏನೋ ಕೂತಿತ್ತು. ಅದನ್ನು ಚಮಚದಲ್ಲಿ ಕೆರೆದು ನನ್ನ ಮೂಗಿನ ಕೆಳಗೆ ಹಿಡಿದ.

"ಇದು ಕೆಫೀನ್ ಕಣೇ. ಪ್ಯೂರು."

"ಪ್ಯೂರ್ ಅಂದ್ರೆ ಇಷ್ಟು ಕಪ್ಪಗಿರುತ್ತಾ ಅಣ್ಣ?"

"ಇನ್ನೊಂದು ಸಲ ಸೋಸ್ಬೇಕು."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮಣ್ಣನ ಇಡೀ ಜೀವನಕ್ಕೆ ಇದೊಂದೇ ಮಾತು ಸಾಕು. ಅವನು ಹಿಡಿದ ಕೆಲಸ ಯಾವತ್ತೂ ಕೆಡುವುದಿಲ್ಲ, ಇನ್ನೊಂದು ಸಲ ಸೋಸಬೇಕಾಗಿರುತ್ತದೆ. ಆಮೇಲೆ ಆಡುಸೋಗೆ ಸೊಪ್ಪು ತಂದು ಕುದಿಸಿದ. ಆ ಕಹಿ ವಾಸನೆಗೆ ಹಸು ಕೊಟ್ಟಿಗೆಗೆ ಬರಲೊಲ್ಲದೆ ಬೇಲಿಯ ಹತ್ತಿರ ನಿಂತು ಕೂಗಿತು. ಹಾಲು ಕರೆಯಲು ಅತ್ತಿಗೆ ಚೊಂಬು ಹಿಡಿದು ಬೇಲಿಗೇ ಹೋಗಬೇಕಾಯಿತು.

ಇಷ್ಟರಲ್ಲೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಅವನು ತಲೆಯೊಳಗೆ ಇನ್ನೂ ದೊಡ್ಡ ಹುಳ ಬಿಟ್ಟುಕೊಂಡ. ಔಷಧಿ ಗಿಡ ಬೆಳೆಯಬೇಕು, ಮನೆಯಲ್ಲೇ ಸಾರ ತೆಗೆಯಬೇಕು, ಕಂಪನಿಯವರು ಬಾಗಿಲಿಗೆ ಬಂದು ಕೊಂಡುಹೋಗುತ್ತಾರೆ. ಯಾವ ಕಂಪನಿ ಅಂದರೆ, "ಬರ್ತಾರೆ ಬಿಡು" ಎನ್ನುತ್ತಿದ್ದ. ಗಿಡ ಹಾಕಲು ಜಾಗ? ಅದಕ್ಕೆ ಅವನ ಕಣ್ಣು ಬಿದ್ದದ್ದು ಅತ್ತಿಗೆಯ ಹಿಪ್ಪುನೇರಳೆ ತೋಟದ ಮೇಲೆ.

ಆ ತೋಟದ ಬಗ್ಗೆ ಹೇಳಬೇಕು. ಅತ್ತಿಗೆ ಮದುವೆಯಾಗಿ ಬಂದಾಗ ಅದು ಕಳೆ ಬೆಳೆದ ಬೀಳು. ತವರಿನಿಂದ ಹಿಪ್ಪುನೇರಳೆ ಕಡ್ಡಿ ತರಿಸಿ, ತಾನೇ ಗುಣಿ ತೆಗೆದು ನೆಟ್ಟಳು. ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಿಕೊಂಡಳು. ಆ ಸೊಪ್ಪಿನಲ್ಲೇ ರೇಷ್ಮೆಹುಳು ಸಾಕಿ ಮಗಳನ್ನು ಓದಿಸಿದಳು. ಈ ಮನೆಯಲ್ಲಿ ಅವಳದು ಅನ್ನುವುದು ಏನಾದರೂ ಇದ್ದರೆ ಅದೇ ತೋಟ, ಅದರ ಪಕ್ಕದ ಹುಳದ ಮನೆ. ಅಣ್ಣ ಅವೆರಡಕ್ಕೂ ಒಂದು ದಿನವೂ ಬೆವರು ಸುರಿಸಿದವನಲ್ಲ. ಈಗ ಅದನ್ನು ಕಿತ್ತು ನಿತ್ಯಪುಷ್ಪ ಹಾಕುತ್ತಾನಂತೆ! ನನಗೆ ಹೊಟ್ಟೆ ಉರಿದುಹೋಯಿತು.

ಅದಕ್ಕೆ ಸರಿಯಾಗಿ ಹಿಂದಿನ ಎರಡು ಹುಳದ ಬೆಳೆ ಬಿಸಿಲಿನ ಝಳಕ್ಕೆ ಸೊರಗಿದ್ದವು. ಅಣ್ಣ ಅದನ್ನೇ ಹಿಡಿದುಕೊಂಡ. ದಿನಾ ಊಟಕ್ಕೆ ಕೂತಾಗ ಅದೇ ರಾಗ. ಅತ್ತಿಗೆ ಜಗಳ ಆಡುವವಳಲ್ಲ. ಒಂದು ದಿನ ದೇವರ ದೀಪ ಹಚ್ಚಿ ಬಂದವಳು, ನನ್ನೆದುರಿಗೇ ಗಂಡನಿಗೆ ಹೇಳಿದಳು.

"ರೀ, ಈ ಬೆಳೆ ಒಂದು ನೋಡಿ. ಗೂಡು ಚೆನ್ನಾಗಿ ಬಂತಾ, ಇನ್ನು ತೋಟದ ತಂಟೆಗೆ ಬರ್ಬೇಡಿ. ಬರ್ಲಿಲ್ಲಾ, ನಾನೇ ಮುಂದೆ ನಿಂತು ಕೀಳಿಸ್ತೀನಿ."

"ಮಾತು ಕೊಟ್ಟಂಗೆ ತಾನೇ?"

"ದೀಪ ಉರೀತಾ ಐತೆ, ಇನ್ನೇನು ಬೇಕು?"

ಅಣ್ಣ ಅವತ್ತು ಎರಡು ಮುದ್ದೆ ಜಾಸ್ತಿ ಉಂಡ.

ನಮ್ಮ ಕಡೆ ಹುಳು ಸಾಕುವವರ ಮನೆಯಲ್ಲಿ ಒಂದು ಕಟ್ಟಳೆಯಿದೆ. ಹೊಗೆಸೊಪ್ಪು ಮುಟ್ಟಿದವರು ಹುಳದ ಮನೆಗೂ ಹೋಗಕೂಡದು, ಹಿಪ್ಪುನೇರಳೆ ತೋಟಕ್ಕೂ ಕಾಲಿಡಕೂಡದು. ಬೀಡಿ ಸೇದುವವರು, ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರು, ಎಂಥ ದೊಡ್ಡ ಮನುಷ್ಯರಾದರೂ ಸರಿ, ಹೊರಗೇ. ಅದರ ಸೋಂಕು ತಗುಲಿದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ. ಇದು ಇಲ್ಲಿ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು.

ಅಣ್ಣನಿಗೂ ಗೊತ್ತು. ಗೊತ್ತಿರುವುದೇನು, ಈ ಕಟ್ಟಳೆಗೆ ಅವನೇ ಪೊಲೀಸು. ಸೊಪ್ಪು ಕೊಯ್ಯಲು ಒಂದು ಎಲೆ ಮುಟ್ಟದವನು, ಕೆಂಪು ಪೇಂಟು ತಂದು "ತಂಬಾಕು ಮುಟ್ಟಿದವರು ಒಳಗೆ ಬರಕೂಡದು" ಅಂತ ತಗಡಿನ ಮೇಲೆ ತಾನೇ ಬರೆದು ಹುಳದ ಮನೆಯ ಬಾಗಿಲಿಗೆ ನೇತುಹಾಕಿದ್ದ. ನಮ್ಮ ಯಜಮಾನರ ಸೋದರಮಾವ ಮಾಲೂರಿನಿಂದ ಮಗಳ ಮದುವೆಗೆ ಕರೆಯಲು ಬಂದರೆ, ಜೇಬಲ್ಲಿ ಬೀಡಿ ಕಟ್ಟು ಕಂಡಿತು ಅಂತ ಅವರನ್ನು ಹುಣಸೆಮರದ ಕೆಳಗೇ ನಿಲ್ಲಿಸಿ, ಗೋಡೆಯ ಮೇಲಿಂದ ಲಗ್ನಪತ್ರಿಕೆ ಇಸಿದುಕೊಂಡ. ಆ ಮನುಷ್ಯ ಮತ್ತೆ ಈ ಬೀದಿಗೆ ಬಂದಿಲ್ಲ. ಕೂಲಿಗೆ ಬರುವ ರಾಯಲ್ಪಾಡು ಕಡೆಯ ಒಬ್ಬ ಅಜ್ಜಿಯಿದ್ದಳು. ಅವಳಿಗೆ ಬಾಯಲ್ಲಿ ಸದಾ ಎಲೆಅಡಿಕೆ, ಹೊಗೆಸೊಪ್ಪು. ಅಣ್ಣ ಆ ಮುದುಕಿಯ ಕೈ ಹಿಡಿದು ಎರಡು ಕಡೆಯೂ ಮೂಸಿ, "ನೀನು ಕೊಟ್ಟಿಗೆ ಗುಡಿಸು, ಈ ಕಡೆ ಬಂದ್ರೆ ಕಾಲು ಮುರೀತೀನಿ" ಅಂತ ದೂರ ಅಟ್ಟಿದ್ದ. ಅವಳು ಹುಳದ ಮನೆಯ ಆಚೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಊಟ ಮಾಡುತ್ತಿದ್ದಳು.

ಇಂಥ ಪೊಲೀಸು ಹೊಗೆಸೊಪ್ಪಿನಿಂದ ಆಲ್ಕಲಾಯ್ಡ್ ತೆಗೆಯಲು ಹೊರಟ ಅಂದರೆ ನೀವು ನಂಬಬೇಕು.

ತೋಟದ ಆಚೆ ಬದಿಯಲ್ಲಿ ಟೊಮೇಟೊ ಹಾಕಿದ ಅವನದೊಂದು ತುಂಡು ಹೊಲವಿದೆ. ಅದಕ್ಕೆ ಬಿಳಿನೊಣ ಬಿದ್ದಿತ್ತು. ಅಂಗಡಿಯ ಔಷಧಿಯೆಲ್ಲ ವಿಷ, ನಾನೇ ಪ್ಯೂರ್ ನಿಕೋಟಿನ್ ತೆಗೆದು ಹೊಡೆಯುತ್ತೇನೆ ಎಂದ.

"ಅದೂ ವಿಷಾನೇ ಅಲ್ವೇನಣ್ಣ?"

"ಅದು ನ್ಯಾಚುರಲ್ ಕಣೇ. ನಿಂಗೆ ಅರ್ಥ ಆಗಲ್ಲ, ಸುಮ್ನಿರು."

ಕೋಲಾರಕ್ಕೆ ಹೊರಟಾಗ ನಾನೂ ಅವನ ಬೈಕಿನ ಹಿಂದೆ ಇದ್ದೆ, ಮಿಕ್ಸಿ ರಿಪೇರಿಗೆ ಕೊಡಲು. ಎಲೆಅಡಿಕೆ ಮಂಡಿಯ ಸಾಬರು ಅವನು ಎತ್ತಿಸಿದ ಹೊಗೆಸೊಪ್ಪಿನ ಕಟ್ಟು ನೋಡಿ ನಕ್ಕರು. "ಇತ್ನಾ ಕಾಯ್ಕು ಭಯ್ಯಾ? ಘರ್ ಮೇ ಶಾದೀ ಹೈ ಕ್ಯಾ?" ಇಷ್ಟೊಂದು ಯಾಕೆ, ಮನೆಯಲ್ಲಿ ಮದುವೆಯೇನಪ್ಪ ಅಂತ. ಅಣ್ಣ ಗಂಭೀರವಾಗಿ "ರಿಸರ್ಚು" ಎಂದ. ಸಾಬರು ನನ್ನ ಮುಖ ನೋಡಿದರು, ನಾನು ಮಿಕ್ಸಿಯ ಮುಖ ನೋಡಿದೆ.

ಅತ್ತಿಗೆ ಅದನ್ನು ಮನೆಯೊಳಗೆ ತರಲು ಬಿಡಲಿಲ್ಲ. ಬೇಡವೇ ಬೇಡ ಅಂದಳು, ಅತ್ತಳು, ಎರಡು ದಿನ ಮಾತು ಬಿಟ್ಟಳು. ಕೊನೆಗೆ ಅಣ್ಣ ದೂರದ ಹಳೇ ಬಾವಿಯ ಶೆಡ್ಡಿನಲ್ಲಿ ಮಾಡುತ್ತೇನೆ, ಮಾಡಿದ ಮೇಲೆ ಸ್ನಾನ ಮಾಡದೆ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಆಣೆ ಇಟ್ಟ. ನ್ಯಾಯವಾಗಿ ಹೇಳಬೇಕೆಂದರೆ ಆ ಆಣೆ ಉಳಿಸಿಕೊಂಡ. ಶೆಡ್ಡಿನಿಂದ ಬಂದವನು ಬಾವಿಕಟ್ಟೆಯಲ್ಲಿ ಮೊಣಕೈವರೆಗೆ ಸೋಪು ಉಜ್ಜಿ, ತಲೆಗೆ ನೀರು ಸುರಿದುಕೊಂಡು, ಬಿಳಿ ಪಂಚೆ ಉಟ್ಟು, ಆಪರೇಷನ್ ಮುಗಿಸಿದ ಡಾಕ್ಟರ ಹಾಗೆ ಎರಡೂ ಕೈ ಎತ್ತಿಕೊಂಡು ಬರುತ್ತಿದ್ದ. ಮೈಯಲ್ಲಿ ಅಷ್ಟು ಮಡಿ. ತಲೆಯಲ್ಲಿ ಇಷ್ಟಾದರೂ ಇರಬೇಕಿತ್ತು.

ಶೆಡ್ಡಿನಲ್ಲಿ ಅವನು ಏನು ಸುರಿದು ಏನು ಕುದಿಸಿದನೋ ನಾನು ಕೇಳಲಿಲ್ಲ. ಕೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ, ಒಂದು ಊರಿಗೆ ಒಬ್ಬ ಸಾಕು. ಅಂತೂ ಬಾಟಲಿಯಲ್ಲಿ ಕಂದು ನೀರು ತಂದು ತೋರಿಸಿ, "ಶುದ್ಧ ಸಾರ" ಎಂದ. ಬೆಳಗ್ಗೆ ಟೊಮೇಟೊ ಗಿಡಕ್ಕೆ ಹೊಡೆದ. ಬಿಳಿನೊಣಗಳು ಮೇಲೆದ್ದು, ಒಂದು ಸುತ್ತು ಹಾರಿ, ಮತ್ತೆ ಅದೇ ಎಲೆಯ ಮೇಲೆ ಬಂದು ಕೂತವು. ಮೋಟುಗೋಡೆಯ ಮೇಲೆ ಮೊಣಕೈಯೂರಿ ನಾನು ಎಲ್ಲ ನೋಡುತ್ತಿದ್ದೆ.

"ಏನಣ್ಣ, ಸ್ನಾನ ಮಾಡ್ಸಿದ್ಯಾ ಅವಕ್ಕೆ?"

"ಕಸ ಸೇರ್ಕೊಂಡೈತೆ. ಇನ್ನೊಂದು ಸಲ ಸೋಸ್ಬೇಕು."

ಇತ್ತ ಅತ್ತಿಗೆಯ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವುದು. ನಾಲ್ಕನೆಯದು ಎದ್ದ ಮೇಲೆ ಹುಳು ಮೇಯುವುದು ಮೇಯುವುದೇ, ಒಂದು ವಾರ ತಿಂದು ಬೆರಳು ಗಾತ್ರ ಆಗಿ, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಏರುತ್ತವೆ. ಈ ಸಲದ ಹುಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಅತ್ತಿಗೆ ಯಾರಿಗೂ ತೋರಿಸುತ್ತಿರಲಿಲ್ಲ, ದೃಷ್ಟಿಯಾಗುತ್ತೆ ಅಂತ. ನನ್ನನ್ನು ಮಾತ್ರ ಕರೆದು ತೋರಿಸಿದಳು. "ಉಳೀತು ಕಣೇ ತೋಟ" ಅಂತ ಕಿವಿಯಲ್ಲಿ ಹೇಳಿದಳು. ಬೆಳ್ಳಗೆ ಕೊಬ್ಬಿದ ಹುಳು ಒಂದರ ಮೇಲೊಂದು ಬಿದ್ದು ಮೇಯುತ್ತಿದ್ದವು. ಅವಳು ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮಗಳ ರಿಸಲ್ಟು ಬಂದ ದಿನ ಬಿಟ್ಟರೆ ನೋಡಿಲ್ಲ.

ಕೊಯ್ದ ಸೊಪ್ಪು ಬಾಡಬಾರದೆಂದು ಅದರ ಮೇಲೆ ಒದ್ದೆ ಮಾಡಿದ ಗೋಣಿಚೀಲ ಹೊದಿಸುತ್ತಾರೆ. ಅದಕ್ಕೆಂದೇ ಅತ್ತಿಗೆ ಒಗೆದ ಚೀಲಗಳನ್ನು ಸೊಪ್ಪಿನ ಕೋಣೆಯಲ್ಲಿ ಮಡಿಸಿ ಇಟ್ಟಿರುತ್ತಿದ್ದಳು. ಬೇರೆ ಯಾವುದಕ್ಕೂ ಯಾರೂ ಮುಟ್ಟುವ ಹಾಗಿಲ್ಲ.

ಆ ಬೆಳಗ್ಗೆ ಅವಳು ಎಂದಿನಂತೆ ಸೊಪ್ಪು ಹಾಕಿ ಬಂದಳು. ಮಧ್ಯಾಹ್ನ ನಾನು ಅನ್ನ ಬಸಿಯುತ್ತಿದ್ದೆ. ಗೋಡೆಯಾಚೆಯಿಂದ ಅವಳ ಕೂಗು. "ಬಾರೇ ಒಂದ್ಸಲ! ಬೇಗ ಬಾರೇ!" ಆ ದನಿ ಕೇಳಿ ಪಾತ್ರೆ ಅಲ್ಲೇ ಬಿಟ್ಟು ಓಡಿದೆ.

ಹುಳುಗಳು ಮೇಯುತ್ತಿರಲಿಲ್ಲ. ಅರ್ಧ ಮೈ ಎತ್ತಿ ತಲೆ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಕುಗ್ಗಿ ಸೊಪ್ಪಿನ ಮೇಲೆ ಮಲಗಿದ್ದವು. ಅತ್ತಿಗೆ ಒಂದು ಹುಳು ಎತ್ತಿ ಅಂಗೈ ಮೇಲಿಟ್ಟುಕೊಂಡು, "ಬೆಳಗ್ಗೆ ಚೆನ್ನಾಗಿದ್ವು ಕಣೇ, ಬೆಳಗ್ಗೆ ಚೆನ್ನಾಗೇ ಇದ್ವು" ಎನ್ನುತ್ತಾ ನೆಲದ ಮೇಲೆ ಕೂತಳು. ನಾನು ಅವಳ ಪಕ್ಕ ಕೂತೆ.

ಅಷ್ಟರಲ್ಲಿ ಬಿಳಿ ಪಂಚೆ ಬಂತು. ಹುಳು ಸಾಕುವ ಒಂದು ತಟ್ಟೆ ನೋಡಿದ, ಇನ್ನೊಂದು ನೋಡಿದ, ಹುಬ್ಬು ಗಂಟಿಕ್ಕಿದ.

"ಇದು ಹೊಗೆಸೊಪ್ಪಿನ ಸೋಂಕು. ಗ್ಯಾರಂಟಿ. ಎಲ್ಲಿ ಆ ಮುದುಕಿ?"

ನೋಡಿ, ಜೀವನದಲ್ಲಿ ಮೊದಲನೇ ಸಲ ಅವನ ಟೆಸ್ಟು ಸರಿಯಾಗಿತ್ತು. ಕೊಟ್ಟಿಗೆಯ ಕಡೆ ಹೋಗುತ್ತಿದ್ದ ಅಜ್ಜಿಯನ್ನು ರೆಟ್ಟೆ ಹಿಡಿದು ಎಳೆದುಕೊಂಡು ಬಂದ. ಸೊಪ್ಪು ಮುಟ್ಟಿದ್ದು ನೀನೇ, ಮನೆ ಹಾಳು ಮಾಡಿದೆ ಎಂದು ಬಾಯಿಗೆ ಬಂದ ಹಾಗೆ ಬೈದ. ಅಜ್ಜಿಯ ಕಂಕುಳಲ್ಲಿ ಊರಿನಿಂದ ತಂದ ಚೀಲ ಹಾಗೇ ಇತ್ತು.

"ಅಯ್ಯೋ ಸಾಮಿ, ನೇನು ಊರ್ಲೋನೇ ಲೇನು ಕದಾ!" ಊರಲ್ಲೇ ಇರಲಿಲ್ಲವಲ್ಲಪ್ಪ ಎಂದಳು. ನಿಜವೇ, ರಾಯಲ್ಪಾಡಿನ ಮಗಳ ಮನೆಗೆ ಹೋಗಿದ್ದವಳು ಆಗಷ್ಟೇ ಬಸ್ಸಿಳಿದು ಬಂದಿದ್ದಳು.

"ಹಂಗಾದ್ರೆ ಹೋಗೋಕೆ ಮುಂಚೆ ಮುಟ್ಟಿರ್ತೀಯ!"

"ಸುಮ್ನಿರಣ್ಣ, ಸಾಕು! ಹೋಗೋಕೆ ಮುಂಚೆ ಮುಟ್ಟಿದ್ರೆ ಇವತ್ತು ಸಾಯ್ತಾವಾ ಹುಳ?" ಎಂದು ನಾನು ಕಿರುಚಿದೆ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಅತ್ತಿಗೆ ಎದ್ದಳು. ಯಾರನ್ನೂ ನೋಡದೆ ಸೊಪ್ಪಿನ ಕೋಣೆಗೆ ಹೋದಳು. ಮೊದಲು ಸೊಪ್ಪು ಮೂಸಿದಳು, ಆಮೇಲೆ ಅದರ ಮೇಲೆ ಹೊದಿಸಿದ್ದ ಒದ್ದೆ ಚೀಲಗಳನ್ನು ಒಂದೊಂದಾಗಿ ಎತ್ತಿ ಮೂಸಿದಳು. ಒಂದು ಚೀಲ ಮೂಸಿದವಳು ಅಲ್ಲೇ ನಿಂತಳು. ಅದನ್ನು ತಂದು ನನ್ನ ಮೂಗಿಗೆ ಹಿಡಿದಳು. ಹೊಗೆಸೊಪ್ಪಿನ ವಾಸನೆ, ಅನುಮಾನವೇ ಇರಲಿಲ್ಲ. ಆಮೇಲೆ ಗಂಡನಿಗೆ ಹಿಡಿದಳು.

"ಮೂಸಿ ನೋಡಿ."

ಅಣ್ಣ ಮೂಸಿದ.

"ಸೋಸೋ ಬಟ್ಟೆ ಹರಿದೋಗಿತ್ತು... ಇದ್ರಲ್ಲಿ ಒಂದ್ಸಲ ಸೋಸ್ಕೊಂಡೆ ಅಷ್ಟೇ. ತೊಳ್ದು ಒಣಗ್ಸಿ ಇಟ್ಟಿದ್ದೆ ಕಣೇ. ಮಡಚಿ ಅಲ್ಲೇ ಇಟ್ಟಿದ್ದೆ."

ಹುಟ್ಟಿದಾಗಿನಿಂದ ಈ ಮನುಷ್ಯ ತೆಗೆದುಕೊಂಡ ವಸ್ತುವನ್ನು ತೆಗೆದುಕೊಂಡ ಜಾಗದಲ್ಲಿ ಇಟ್ಟವನಲ್ಲ. ಕತ್ತರಿ ಕೊಟ್ಟರೆ ಹೋಯಿತು, ಕುಡುಗೋಲು ಕೊಟ್ಟರೆ ಹೋಯಿತು. ಅದೊಂದು ದಿನ ಮಡಚಿ, ವಾಪಸು, ಸರಿಯಾದ ಜಾಗದಲ್ಲಿ ಇಟ್ಟಿದ್ದ. ತನ್ನ ಮೈಗೆ ಅಷ್ಟು ಸೋಪು ಉಜ್ಜಿದವನು ಚೀಲವನ್ನು ತೊಟ್ಟಿಯಲ್ಲಿ ಒಮ್ಮೆ ಅದ್ದಿ ಹಿಂಡಿದ್ದನಂತೆ.

ಆಗ ನಮ್ಮಣ್ಣ ತಟ್ಟೆಗಳ ಕಡೆ ಇನ್ನೊಮ್ಮೆ ನೋಡಿದ. ಅವನ ಮುಖದ ಮೇಲೆ ನಿಧಾನವಾಗಿ ಒಂದು ಕಳೆ ಬಂತು. ನಾನು ಅದನ್ನು ಸಾಯುವವರೆಗೂ ಮರೆಯುವುದಿಲ್ಲ.

"ಹಂಗಾದ್ರೆ," ಎಂದ, "ಸಾರ ಬಂದಿತ್ತು."

ಥೂ! ಒಡಹುಟ್ಟಿದವನೆಂಬ ಒಂದೇ ಕಾರಣಕ್ಕೆ ಆ ಚೀಲದಲ್ಲೇ ಅವನ ಮುಖಕ್ಕೆ ಬಾರಿಸದೆ ಬಿಟ್ಟೆ. ಅತ್ತಿಗೆ ಮಂಕರಿ ತರಲು ಹೋದಳು. ಸಂಜೆಯವರೆಗೆ ನಾವಿಬ್ಬರೂ ಸತ್ತ ಹುಳುಗಳನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿ ಮುಚ್ಚಿದೆವು. ಅಜ್ಜಿ ದೂರದ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು.

ಇನ್ನಾದರೂ ಅವನು ತಲೆ ತಗ್ಗಿಸಿಕೊಂಡಿರುತ್ತಾನೆ ಅಂದುಕೊಂಡಿದ್ದೆ. ಎಲ್ಲಿ? ಒಂದು ವಾರ ಬಿಟ್ಟು ಊಟದ ಹೊತ್ತಲ್ಲಿ ಗಂಟಲು ಸರಿಮಾಡಿಕೊಂಡ. "ಆಗಿದ್ದು ಆಗೋಯ್ತು. ಬೆಳೆ ಅಂತೂ ಬರ್ಲಿಲ್ಲ. ಮಾತು ಅಂದ್ಮೇಲೆ ಮಾತೇ ಅಲ್ವಾ? ನಾಳೆ ಜೆಸಿಬಿ ಬರುತ್ತೆ."

ನಾನು ಕೈಯಲ್ಲಿದ್ದ ಲೋಟ ನೆಲಕ್ಕೆ ಕುಕ್ಕಿದೆ. ಅತ್ತಿಗೆ ಅವನ ತಟ್ಟೆಗೆ ಸಾರು ಬಡಿಸುತ್ತಿದ್ದವಳು ಬಡಿಸಿ ಮುಗಿಸಿ, "ಹೂಂ, ಮಾತು ಕೊಟ್ಟಿದೀನಿ. ನಾನೇ ಮುಂದೆ ನಿಂತ್ಕೋತೀನಿ" ಎಂದಳು. ಅವಳಿಗೇನು ತಲೆ ಕೆಟ್ಟಿದೆಯಾ ಅಂತ ನನಗೆ ಅವಳ ಮೇಲೂ ಸಿಟ್ಟು ಬಂತು.

ಬೆಳಗ್ಗೆ ಹೋಗಿ ನೋಡಿದರೆ ಅತ್ತಿಗೆ ತೋಟದ ಬಾಗಿಲಿಗೆ ಹಾಕಿದ್ದ ಅಡ್ಡಗಳುವಿನ ದಣಪೆಯ ಹತ್ತಿರ ನಿಂತಿದ್ದಾಳೆ. ಹುಳದ ಮನೆಯ ಬಾಗಿಲಲ್ಲಿದ್ದ ತಗಡಿನ ಬೋರ್ಡು ಈಗ ದಣಪೆಗೆ ನೇತಾಡುತ್ತಿದೆ. ಶ್ರೀನಿವಾಸಪುರದ ಕಡೆಯಿಂದ ಜೆಸಿಬಿ ಗುಡುಗುಡು ಅಂತ ಬಂತು. ಅದರ ಮುಂದೆ ಅಣ್ಣ, ದಾರಿ ತೋರಿಸುತ್ತಾ.

"ಕೀಳ್ಸಿ," ಎಂದಳು ಅತ್ತಿಗೆ. "ನಾನು ಬೇಡ ಅನ್ನಲ್ಲ. ಹೊಗೆಸೊಪ್ಪು ಮುಟ್ಟದೋರು ಯಾರಾದ್ರೂ ಒಳಗೆ ಬಂದು ಕೀಳ್ಲಿ. ಬರ್ದಿರೋದು ನೀವೇ, ಓದ್ಕೊಳ್ಳಿ."

ಅಣ್ಣ ಬೋರ್ಡು ನೋಡಿದ. ತನ್ನದೇ ಅಕ್ಷರ. ಡ್ರೈವರ್ ಕಡೆ ತಿರುಗಿ, "ನೀನು ಹೋಗಪ್ಪ ಒಳಗೆ, ಇದೆಲ್ಲ ಇರೋದೇ" ಎಂದ.

ಡ್ರೈವರ್ ಮುಳಬಾಗಿಲು ಕಡೆಯವನು. ತುಟಿಯಲ್ಲಿ ಬೀಡಿ ಉರಿಯುತ್ತಿತ್ತು. ಬೋರ್ಡು ಓದಿ, ಬೀಡಿ ತೆಗೆದು ಎಸೆದು, ಗಾಡಿಯಿಂದ ಇಳಿಯದೆಯೇ ಹೇಳಿದ. "ಇಲ್ಲ ಸಾರ್. ನಮ್ಮನೇಲೂ ಹುಳ ಸಾಕ್ತಾರೆ. ನಮ್ಮಮ್ಮ ನನ್ನನ್ನೇ ಬಾಗಿಲಾಚೆ ಮಲಗಿಸ್ತಾಳೆ. ಆಯಮ್ಮ ಹಿಂಗಂದ್ಮೇಲೆ ಹಿಪ್ಪುನೇರಳೆ ತೋಟಕ್ಕೆ ನಾನು ಗಾಡಿ ಬಿಡಲ್ಲ."

"ಏಯ್, ಕೀಳೋ ತೋಟಕ್ಕೆ ಯಾವ ಕಟ್ಟಳೆ ಕಣೋ?"

"ಕೀಳೋವರ್ಗೂ ತೋಟಾನೇ ಅಲ್ವಾ ಸಾರ್?" ಎಂದವನು ಗಾಡಿ ಹಿಂದಕ್ಕೆ ತಿರುಗಿಸಿಕೊಂಡು ಹೊರಟೇಬಿಟ್ಟ. ಅಣ್ಣ ದಣಪೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತ. ಒಂದು ಹೆಜ್ಜೆ ಇಟ್ಟಿದ್ದರೆ ಆಗುತ್ತಿತ್ತು, ಯಾರೂ ಹಿಡಿದುಕೊಳ್ಳುತ್ತಿರಲಿಲ್ಲ. ಆದರೆ ಮಾಲೂರಿನ ಮಾವನನ್ನು ಹುಣಸೆಮರದ ಕೆಳಗೆ ನಿಲ್ಲಿಸಿದ ಕಾಲು ಅದು, ಎತ್ತಲಾಗಲಿಲ್ಲ.

ಅಲ್ಲಿಂದ ಮುಂದೆ ತೋಟಕ್ಕೂ ಹುಳದ ಮನೆಗೂ ಅವನಿಗೆ ಬಾಗಿಲು ಬಂದ್. ಅತ್ತಿಗೆ ಚೀಲಗಳನ್ನೆಲ್ಲ ಸುಟ್ಟು, ಮನೆಯೆಲ್ಲ ಸುಣ್ಣ ಬಳಿದು, ಬೋರ್ಡನ್ನು ಮತ್ತೆ ಬಾಗಿಲಿಗೆ ಹಾಕಿ, ಹೊಸ ಚಾಕಿ ಹುಳು, ಅಂದರೆ ಮರಿಹುಳು, ತಂದಳು. ಶೆಡ್ಡಿನ ರಿಸರ್ಚು ನಿಂತುಹೋಯಿತು ಅಂದುಕೊಳ್ಳಬೇಡಿ. ಈಗ ಯಾವುದೋ ಬೇರೆ ಬೇರು ಕುದಿಯುತ್ತಿದೆ.

ಆ ಬೆಳೆಯ ಗೂಡು ಬಿಡಿಸುವ ದಿನ ನಾನು ಒಳಗಿದ್ದೆ. ಬೆಳ್ಳಗೆ ಗಟ್ಟಿ ಗೂಡು, ಒಂದೂ ಜೊಳ್ಳಿಲ್ಲ. ಅತ್ತಿಗೆ ಒಂದು ಗೂಡು ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿ ನಗುತ್ತಿದ್ದಳು. ಕಿಟಕಿಯ ಜಾಲರಿಯ ಆಚೆಯಿಂದ ಅಣ್ಣನ ದನಿ ಕೇಳಿತು.

"ಹೆಂಗೈತೆ ಗೂಡು? ಒಂದ್ಸಲ ನೋಡ್ತೀನಿ ಬಿಡೇ. ಸ್ನಾನ ಮಾಡಿದೀನಿ."

ಅತ್ತಿಗೆ ತಿರುಗಿಯೂ ನೋಡಲಿಲ್ಲ. ಅವನು ಸ್ವಲ್ಪ ಹೊತ್ತು ಜಾಲರಿಗೆ ಮೂಗು ತಾಗಿಸಿ ನಿಂತು, ಆಮೇಲೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತ. ಅಲ್ಲಿ ಆಗಲೇ ಅಜ್ಜಿ ಕೂತಿದ್ದಳು. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚೂರು ಹೊಗೆಸೊಪ್ಪು ಹಾಕಿ ಮಡಿಸಿ ಅವನ ಮುಂದೆ ಹಿಡಿದಳು.

"ತಿನು ಸಾಮಿ," ಎಂದಳು. "ಎಟ್ಲೂ ಮನಲ್ನಿ ಲೋಪಲಿಕಿ ರಾನಿವ್ವರು." ಹೇಗಿದ್ದರೂ ನಮ್ಮಿಬ್ಬರನ್ನೂ ಒಳಗೆ ಬಿಡುವುದಿಲ್ಲ, ತಿನ್ನು ಅಂತ.

ಅಣ್ಣ ಹುಳದ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಕೈ ಚಾಚಿ ಅದನ್ನು ತೆಗೆದುಕೊಂಡ.